ನೀರೆರೆದ ಕೂಸು

ದೊಡ್ಡನೆಕ್ಕುಂದಿಯ ಹೆರಿಗೆ ವಾರ್ಡೊಂದರಲ್ಲಿ ನಾನು ನರ್ಸ್. ಅಂದು ಸಂಜೆ ಬಾಣಂತಿ ಯಮುನಾ ಮಂಪರಿನಲ್ಲಿದ್ದಾಗ, ಅವಳ ತಾಯಿ ವೆಂಕಟಮ್ಮ ಆಗತಾನೇ ಹುಟ್ಟಿದ ಕೂಸಿಗೆ ಕದ್ದು ನೀರೆರೆದುಬಿಟ್ಟಿದ್ದರು. ಕೂಸಿನ ಪಾದ ತಣ್ಣಗೆ ಕೊರೆಯುತ್ತಿತ್ತು.

"ಇವತ್ತು ಸ್ನಾನ ಬೇಡ, ಮೈಬಿಸಿ ಆರೋಗತ್ತೆ ಅಂದಿದ್ನಲ್ಲಮ್ಮ!" ಎಂದು ಗದರಿದೆ.

"ಮೈಗೆ ಮೆತ್ಕಂಡಿದ್ದ ತೊಳೀದೆ ಎಂಗವ್ವಾ ಬಿಡೋದು?" ವೆಂಕಟಮ್ಮ ಬಾಗಿಲಿಗೆ ಸರಿದು ನಿಂತು ಅತ್ತರು.

ಕೂಸನ್ನು ಒರೆಸಿ, ಯಮುನಾಳ ಬರಿಯೆದೆಯ ಮೇಲೆ ಮಲಗಿಸಿ, ಅವಳ ಕೈಯನ್ನು ಅದರ ಬೆನ್ನಿಗಿಟ್ಟು ಕಂಬಳಿ ಹೊದಿಸಿದೆ. ಎಲ್ಲಿಂದಲೋ ಸಾಂಬ್ರಾಣಿ ಹೊಗೆಯ ವಾಸನೆ ಬಂತು. ವಾರ್ಡಿನಲ್ಲಿ ನಾವು ಕಡ್ಡಿ ಗೀರಲೂ ಬಿಡುವುದಿಲ್ಲ. ಪಾದ ಮುಟ್ಟಿದೆ, ಬೆಚ್ಚಗಾಗುತ್ತಿತ್ತು.

ಯಮುನಾ ಕಣ್ಣು ತೆರೆಯದೆ ಹೇಳಿದಳು: "ಅಕ್ಕಾ, ನನ್ ಕೈ ಮೇಲಿಂದ ನಿಮ್ ಕೈ ತೆಗೀಬೇಡಿ. ಬೆಚ್ಚಗಿದೆ."

ವೆಂಕಟಮ್ಮ ಇನ್ನೂ ಬಾಗಿಲಲ್ಲೇ ಇದ್ದರು. ನನ್ನ ಎರಡೂ ಕೈಗಳು ಕೂಸಿನ ಟೋಪಿಯ ದಾರ ಕಟ್ಟುತ್ತಿದ್ದವು.