ಬಿಸಿಗೆ ಮಾಯ, ತಣ್ಣಗಾದರೆ ಪ್ರತ್ಯಕ್ಷ

ಬೆಳಗ್ಗೆ ಒಂಬತ್ತಕ್ಕೆ ಜೀವಶಾಸ್ತ್ರ ಪ್ರಯೋಗಾಲಯದ ಬೀರು ತೆರೆದಾಗ ಅಟೆಂಡರ್ ಭೂತಗನ್ನಡಿ ಹಾಕಿದ ಕೂಗಿಗೆ ಸುತ್ತಲಿನ ಮೂರು ಬೀದಿಗಳ ಗಡಿಯಾರಗಳು ನಿಂತುಹೋದವು. ನಂಬದವರು ಹೋಗಿ ನೋಡಬಹುದು. ಒಂದು ಇನ್ನೂ ನಡೆಯುತ್ತಿಲ್ಲ.

ಬೀರಿನಲ್ಲಿ ಅಯೋಡಿನ್ ಸೀಸೆ ಮಗುಚಿ ಬಿದ್ದಿತ್ತು. ಹಲಗೆಯ ಮೇಲೆಲ್ಲ ಕಂದು ಹೊಳೆ. ಸೀಸೆಯ ಹಿಂದೆ ಇಟ್ಟಿದ್ದ ಮೊಹರಿನ ಲಕೋಟೆ ಹರಿದಿತ್ತು.

ಹತ್ತು ಗಂಟೆಗೆ ಪ್ರಾಯೋಗಿಕ ಪರೀಕ್ಷೆ. ನಾಲ್ಕು ಗಾಜಿನ ನಳಿಕೆಗಳು. ಒಂದರಲ್ಲಿ ಪಿಷ್ಟ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಪ್ರೋಟೀನು, ಒಂದರಲ್ಲಿ ಬರೀ ನೀರು. ಮಕ್ಕಳು ಹನಿ ಹಾಕಿ, ಬಣ್ಣ ನೋಡಿ, ಯಾವುದು ಯಾವುದೆಂದು ಹೇಳಬೇಕು. ಲಕೋಟೆಯಲ್ಲಿದ್ದದ್ದು ಅದರ ಉತ್ತರ.

ಭೂತಗನ್ನಡಿಯದು ಅಲ್ಲಿ ಇಪ್ಪತ್ತೆರಡು ವರ್ಷದ ಸೇವೆ. ಇರುವೆ ಸೀನಿದರೆ ಯಾವ ಹೊಳ್ಳೆಯಿಂದ ಸೀನಿತು ಎಂದು ಹೇಳುವ ಕಣ್ಣು ಅವಳದು. ಅದಕ್ಕೇ ಆ ಹೆಸರು. ಬೀರಿನ ಕೀ ಅವಳ ಸೊಂಟದಲ್ಲೇ ಇತ್ತು. ಬೀಗ ಮುರಿದಿರಲಿಲ್ಲ. ಸಾಲದ್ದಕ್ಕೆ ಆ ಪರೀಕ್ಷೆಗೆ ಅವಳ ಸ್ವಂತ ಮಗಳೇ ಕೂರುವವಳಿದ್ದಳು.

ಇನ್ನೇನು ಬೇಕು? ಕಳ್ಳಿ ಸಿಕ್ಕಿಬಿಟ್ಟಳು!

* * *

ಪ್ರಿನ್ಸಿಪಾಲ್ ಮೇಡಂ ಹಣೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ವೈಸ್ ಪ್ರಿನ್ಸಿಪಾಲ್. ಇತಿಹಾಸದ ಮೇಷ್ಟ್ರು. ಮಕ್ಕಳ ಬಾಯಲ್ಲಿ ರಟ್ಟು ಸಾರ್. ಅವರ ಅಂಗಿ ಎಂಥದೆಂದರೆ, ಬಿಚ್ಚಿ ನೆಲದ ಮೇಲೆ ಬಿಟ್ಟರೆ ತಾನೇ ನಡೆದು ಹೋಗಿ ಅರ್ಧ ಗಂಟೆ ಪಾಠ ಮಾಡಿ ಬರುತ್ತಿತ್ತು.

ರಟ್ಟು ಸಾರ್ ಆಗಲೇ ಒಂದು ಕಾಗದ ಬರೆದಿಟ್ಟಿದ್ದರು. ಮುತ್ತು ಪೋಣಿಸಿದಂಥ ಅಕ್ಷರ.

"ಓದ್ಕೊ. 'ಬೆಳಗ್ಗೆ ಬೀರು ತೆಗೆದು ಲಕೋಟೆ ಹರಿದಿದ್ದು ನಾನೇ. ತಪ್ಪಾಯಿತು. ಕೆಲಸ ಬಿಡುತ್ತೇನೆ.' ಕೆಳಗೆ ಹೆಸರು ಬರೆದು ಸಹಿ ಹಾಕಿಬಿಡು. ಪೊಲೀಸು ಗಿಲೀಸು ಏನೂ ಬೇಡ."

"ನನ್ನ ಮಗಳು?"

"ಹತ್ತರೊಳಗೆ ಸಹಿ ಬಿದ್ರೆ ಪರೀಕ್ಷೆಗೆ ಕೂರಿಸ್ತೀವಿ. ಇಲ್ಲಾಂದ್ರೆ ಗೇಟಿನ ಆಚೆ. ಒಂದು ವರ್ಷ ಹೋಯ್ತು ಅಂತ ತಿಳ್ಕೊ."

ಗೇಟಿನ ಹೊರಗೆ ಮಕ್ಕಳ ಜೊತೆ ನಿಂತಿದ್ದ ಮಗಳ ಬಳಿಗೆ ಭೂತಗನ್ನಡಿ ಕಾಗದ ಒಯ್ದಳು. ಮಗಳು ಸರಳಿನ ನಡುವೆ ಮುಖ ತೂರಿಸಿ ಓದಿದಳು.

"ಅಮ್ಮಾ, ಇದಕ್ಕೆ ಸಹಿ ಹಾಕಿದ್ರೆ ಇವತ್ತು ರಾತ್ರಿ ಮನೆಗೆ ನಾನು ಬರಲ್ಲ."

"ಹಾಕದಿದ್ರೆ ನಿನ್ನ ವರ್ಷ ಹೋಗುತ್ತಲ್ಲೇ."

"ಹೋಗ್ಲಿ ಬಿಡು. ಮಾಡದ ತಪ್ಪಿಗೆ ತಲೆ ತಗ್ಗಿಸೋದನ್ನ ನೀನು ಯಾವತ್ತು ಕಲಿಸಿದೀಯ ನಂಗೆ?"

ಭೂತಗನ್ನಡಿಯ ಬೆನ್ನು ನೆಟ್ಟಗಾಯಿತು. ಎಷ್ಟು ನೆಟ್ಟಗಾಯಿತೆಂದರೆ ಅವಳ ಎತ್ತರ ಒಂದು ಗೇಣು ಹೆಚ್ಚಿತು.

* * *

ಗೇಟು ಕಾಯುವವನು ಖಡಾಖಂಡಿತವಾಗಿ ಹೇಳಿದ. ಎಂಟರಿಂದ ಒಂಬತ್ತರವರೆಗೆ ಒಳಗಿದ್ದವರು ನಾಲ್ವರೇ. ಮೇಡಂ, ರಟ್ಟು ಸಾರ್, ಕ್ಯಾಂಟೀನ್ ಅಡುಗೆಯವನು ಮತ್ತು ಭೂತಗನ್ನಡಿ. ಅವಳು ಎಂಟಕ್ಕೆ ಬೀರಿಗೆ ಬೀಗ ಹಾಕಿ, ಹಿತ್ತಲ ನಲ್ಲಿಯಲ್ಲಿ ಒಂದು ಗಂಟೆ ಗಾಜು ತೊಳೆಯುತ್ತಿದ್ದಳು. ಹೊರಗೆ ಹೋದವರು ಯಾರೂ ಇಲ್ಲ.

ಅವಳು ಅಡುಗೆಮನೆಗೆ ನುಗ್ಗಿದಳು. ಅಡುಗೆಯವನ ಬೆರಳುಗಳು ಕಪ್ಪು ನೀಲಿ! ಅವನ ಕೈಯನ್ನು ಗಬಕ್ಕನೆ ಹಿಡಿದಳು.

"ಏನೋ ಇದು?"

"ಅಯ್ಯೋ ಬಿಡಕ್ಕಾ! ಆಲೂಗಡ್ಡೆ ಹೆಚ್ಚೋವಾಗ ಕುಯ್ಕೊಂಡೆ. ಔಷಧಿ ಡಬ್ಬದಲ್ಲಿದ್ದ ಟಿಂಚರ್ ಸುರ್ಕೊಂಡೆ. ಗಾಯ ನೋಡು, ಕಂದಾಗೇ ಇದೆ. ಆಲೂಗಡ್ಡೆ ರಸ ಮೆತ್ತಿದ್ದ ಕಡೆ ಮಾತ್ರ ಹಾಳಾದ್ದು ಕಪ್ಪಾಗೋಯ್ತು. ಹಲಗೆನೂ ಕಪ್ಪು, ಆಲೂಗಡ್ಡೆನೂ ಕಪ್ಪು. ತಿನ್ನೋರು ನನ್ನನ್ನೇ ಹೆಚ್ಚಿಹಾಕ್ತಾರೆ."

ಹಲಗೆ ನೋಡಿದಳು. ನಿಜ. ಡಬ್ಬ ನೋಡಿದಳು. ಟಿಂಚರ್ ಸೀಸೆ ಅರ್ಧ ಖಾಲಿ. ಟಿಂಚರ್ ಅಂದರೂ ಅಯೋಡಿನ್ನೇ. ಪಿಷ್ಟ ಮುಟ್ಟದಿದ್ದರೆ ಕಂದು, ಮುಟ್ಟಿದರೆ ಕಪ್ಪು ನೀಲಿ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ತೋರಿಸಿದ ಪಾಠ.

ಬಿಟ್ಟುಬಿಟ್ಟಳು ಅವನ ಕೈಯನ್ನು. ಆದರೆ ಕಾಲು ಅಲ್ಲೇ ನೆಟ್ಟುಕೊಂಡಿತು. ಪಿಷ್ಟ ಆಲೂಗಡ್ಡೆಯಲ್ಲಿ ಮಾತ್ರ ಇದೆಯೇ? ಗಂಜಿಯಲ್ಲಿ? ಗಂಜಿ ಹಾಕಿ, ಇಸ್ತ್ರಿ ಹೊಡೆದು, ತಾನೇ ಪಾಠ ಮಾಡುವಷ್ಟು ಗಟ್ಟಿ ಮಾಡಿದ ಅಂಗಿಯಲ್ಲಿ?

ಕಾಗದ ಕೊಡುವಾಗ ರಟ್ಟು ಸಾರ್ ಬಲತೋಳಿನ ತುದಿಯನ್ನು ಎರಡು ಸುತ್ತು ಮಡಚಿದ್ದರು. ಹುಟ್ಟಿದಾಗಿನಿಂದ ತೋಳು ಮಡಚದ ಮನುಷ್ಯ!

* * *

ಹತ್ತಕ್ಕೆ ಹತ್ತು ನಿಮಿಷ. ಭೂತಗನ್ನಡಿ ಮೂರು ಸೀಸೆ ಹಿಡಿದು ಮೇಡಂ ಕೋಣೆಗೆ ಬಂದಳು. ಒಂದರಲ್ಲಿ ಕುದಿನೀರು, ಒಂದರಲ್ಲಿ ತಣ್ಣೀರು, ಒಂದು ಹನಿ ಹಾಕುವ ಪುಟ್ಟ ಸೀಸೆ.

"ಸಹಿ?" ಎಂದರು ರಟ್ಟು ಸಾರ್.

"ಮೊದಲು ತೋಳು ಬಿಚ್ಚಿ ಸಾರ್."

ಮೇಡಂ ತಲೆ ಎತ್ತಿದರು. ರಟ್ಟು ಸಾರ್ ನಕ್ಕು ಮಡಿಕೆ ಬಿಚ್ಚಿದರು. ಅಂಚಿನಲ್ಲಿ ಅಂಗೈಯಗಲದ ಕಪ್ಪು ನೀಲಿ ಕಲೆ.

"ಪೆನ್ನು ಕಕ್ತು. ಇಂಕು. ಬೀರಲ್ಲಿ ಚೆಲ್ಲಿರೋದು ಕಂದು ಬಣ್ಣ, ಕಣ್ಣು ಕಾಣಲ್ವೇನಮ್ಮ?"

"ಕಾಣುತ್ತೆ ಸಾರ್, ಚೆನ್ನಾಗಿ. ಈ ಕಲೆ ಬಿಸಿಗೆ ಹೆದರದಿದ್ರೆ ಇಂಕು ಅಂತ ಒಪ್ತೀನಿ. ಸಹಿನೂ ಹಾಕ್ತೀನಿ."

ಅವರು ಆಗಲೇ ಎರಡು ಸಲ ಸೋಪು ಹಾಕಿ ಉಜ್ಜಿ ನೋಡಿದ್ದರು. ಜಪ್ಪಯ್ಯ ಅಂದರೂ ಹೋಗಿರಲಿಲ್ಲ. ಹೋಗದ ಕಲೆಯ ಮೇಲೆ ಅವರಿಗೆ ಭಾರೀ ಭರವಸೆ. "ಆಗ್ಲಿ" ಎಂದು ಕೈ ಚಾಚಿದರು.

ಭೂತಗನ್ನಡಿ ಕಲೆಯ ಮೇಲೆ ನಾಲ್ಕು ಹನಿ ನೀರು ಬಿಟ್ಟಳು. ಬಿಸಿ ಸೀಸೆಯನ್ನು ಒತ್ತಿ ಹಿಡಿದಳು. ತೆಗೆದಳು.

ಕಲೆ ಮಂಗಮಾಯ. ಬಟ್ಟೆ ಬೆಳ್ಳಗೆ.

"ನೋಡಿದ್ರಾ ಮೇಡಂ! ಕಳಪೆ ಇಂಕು, ಹೋಯ್ತು," ಎಂದರು ರಟ್ಟು ಸಾರ್, ಬೆವರುತ್ತ.

"ಹೋಗಿಲ್ಲ ಸಾರ್. ಅಡಗಿ ಕೂತಿದೆ, ನಿಮ್ಮ ಥರಾನೇ."

ತಣ್ಣೀರಿನ ಸೀಸೆ ಒತ್ತಿದಳು. ಎಣಿಸಿದಳು: ಒಂದು, ಎರಡು, ಮೂರು. ತೆಗೆದಳು.

ಬೆಳ್ಳನೆಯ ತೋಳಿನ ಮೇಲೆ ನೀಲಿ ಮೆಲ್ಲಗೆ ಮೂಡಿತು. ಆಮೇಲೆ ಕಪ್ಪಾಯಿತು. ಮೇಡಂ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಗೋಡೆ ಹತ್ತಿತು.

"ಯಾವ ಪೆನ್ನಿನ ಇಂಕು ಸಾರ್ ಹೋಗಿ ಬಂದು ಮಾಡೋದು?" ಭೂತಗನ್ನಡಿ ಕೇಳಿದಳು. "ಇದು ಗಂಜಿಯ ಪಿಷ್ಟಕ್ಕೆ ಅಯೋಡಿನ್ ಅಂಟಿದ ಬಣ್ಣ. ಬಿಸಿಯಾದ್ರೆ ಎರಡೂ ಕೈ ಬಿಡ್ತವೆ, ತಣ್ಣಗಾದ್ರೆ ಮತ್ತೆ ಹಿಡ್ಕೋತವೆ. ಇನ್ನೊಂದು ಕೇಳಿ. ಬೀರಲ್ಲಿರೋ ಅಯೋಡಿನ್ ಸೀಸೆ ಬಿರಡೆ ಕಚ್ಕೊಳ್ಳುತ್ತೆ ಅಂತ ನಾನು ಯಾವಾಗಲೂ ಸಡಿಲ ಬಿಟ್ಟಿರ್ತೀನಿ. ಅದು ಗೊತ್ತಿರೋ ಕೈ ಮೊದಲು ಸೀಸೆ ತೆಗೆದಿಟ್ಟು, ಆಮೇಲೆ ಲಕೋಟೆ ಮುಟ್ಟುತ್ತೆ. ಗೊತ್ತಿಲ್ಲದ ಕೈ ಹಿಂದಕ್ಕೆ ತೂರಿಸಿ ಬೀಳಿಸುತ್ತೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಹನಿ ಚೆಲ್ಲಿಲ್ಲ."

ಮೇಡಂ ಕೈ ಚಾಚಿದರು. "ಜೇಬಲ್ಲಿರೋದು ಇಲ್ಲಿಡಿ."

ಜೇಬಿನಿಂದ ಬೀರಿನ ಹಳೇ ನಕಲಿ ಕೀ ಬಂತು. ಅದರ ಹಿಂದೆ ಒಂದು ಚೀಟಿ: ಒಂದು ಸಕ್ಕರೆ, ಎರಡು ನೀರು, ಮೂರು ಪಿಷ್ಟ, ನಾಲ್ಕು ಪ್ರೋಟೀನು. ಪಿಷ್ಟಕ್ಕೂ ಪೆಪ್ಪರ್‌ಮಿಂಟಿಗೂ ವ್ಯತ್ಯಾಸ ತಿಳಿಯದ ಅವರ ಅಣ್ಣನ ಮಗಳೊಬ್ಬಳು ಅದೇ ಪರೀಕ್ಷೆಗೆ ಕೂರುವವಳಿದ್ದಳು. ಪಾಪ, ಆ ಹುಡುಗಿಗೆ ಚಿಕ್ಕಪ್ಪನ ಸಾಹಸ ಗೊತ್ತೇ ಇರಲಿಲ್ಲ.

ರಟ್ಟು ಸಾರ್ ಗುಟ್ಟು ರಟ್ಟಾಯಿತು.

"ನಿನ್ನ ಮಗಳು ಕೂರ್ಲಮ್ಮ," ಎಂದರು ಮೇಡಂ ಮೆತ್ತಗೆ. "ತಪ್ಪು ನಮ್ಮದು."

"ಹಾಗೆ ಕೂರಲ್ಲ ಮೇಡಂ. ನಳಿಕೆಗಳ ನಂಬರು ನೀವೇ ಕೈಯಾರೆ ಬದಲಾಯಿಸಿ. ನಾನು ಅಂಗಳದಲ್ಲಿ ಎಲ್ಲರ ಕಣ್ಣೆದುರು ನಿಂತಿರ್ತೀನಿ. ನಾಳೆ ಯಾವ ನಾಲಿಗೆನೂ ಆಡಬಾರದು."

ಹೊರಡುವ ಮುಂಚೆ ಸೆರಗಿನಿಂದ ಆ ಕಾಗದ ತೆಗೆದು ರಟ್ಟು ಸಾರ್ ಮುಂದೆ ಹರವಿದಳು. ಮೇಲೆ ಪೆನ್ನು ಇಟ್ಟಳು.

"'ಲಕೋಟೆ ಹರಿದಿದ್ದು ನಾನೇ.' ಅಕ್ಷರ ನಿಮ್ಮದೇ, ಮಾತೂ ನಿಮ್ಮದೇ. ಒಂದು ಕೊಂಬು, ಒಂದು ಸೊನ್ನೆನೂ ತಿದ್ದೋದು ಬೇಡ ಸಾರ್. ಹೆಸರಿನ ಜಾಗ ಮಾತ್ರ ಖಾಲಿ ಇದೆ."