ಗೆಲುವಿನ ಊಟದ ದಿನ ಕಡಿದ ಮರಗಳು

ಮೇ ಒಂಬತ್ತು, ಶುಕ್ರವಾರ. ಸಂಜೆ ನಾಲ್ಕೂವರೆಗೆ ಹಾಜ್ ಮೊಖ್ತಾರ್ ಠಾಣೆಗೆ ಬಂದ. ಅಂಗಿಯ ಮೇಲೆ ಸಾರಿನ ಕಲೆ ಇನ್ನೂ ಒಣಗಿರಲಿಲ್ಲ.

"ಒಂಬತ್ತು ಆಲಿವ್ ಮರ, ಹೂ ತುಂಬಿದ್ವು. ನಾವು ಊಟಕ್ಕೆ ಕೂತಿದ್ದಾಗ ಬುಡಕ್ಕೇ ಕೊಯ್ದು ಹಾಕಿದ್ದಾರೆ."

ಇನ್‌ಸ್ಪೆಕ್ಟರ್ ಲಸ್ಸಾದ್ ದೂರು ಬರೆದುಕೊಂಡ. ಊಟ ಯಾತಕ್ಕೆಂದು ಕೇಳಬೇಕಾಗಿರಲಿಲ್ಲ. ಬೇರೆಯವರ ಬರಿ ನೆಲದಲ್ಲಿ ಸಸಿ ನೆಟ್ಟು ಫಲ ಬರುವತನಕ ಸಾಕಿದವರಿಗೆ ಅರ್ಧ ಭೂಮಿ ಸಲ್ಲುವುದು ಸ್ಫಾಕ್ಸ್ ಕಡೆಯ ಪದ್ಧತಿ. ಹಾಜ್‌ನ ನೆಲದಲ್ಲಿ ಆ ಆಲಿವ್ ತೋಟವನ್ನು ನೆಟ್ಟು ಸಾಕಿದವರು ತಾನೂ ತನ್ನ ಗಂಡನೂ ಎಂದು ವಿಧವೆ ಮಬ್ರೂಕಾ ದಾವೆ ಹೂಡಿದ್ದಳು. ಕೆಳಗಿನ ನ್ಯಾಯಾಲಯ ಅವಳಿಗೆ ಅರ್ಧ ಕೊಟ್ಟಿತ್ತು. ಹಾಜ್ ಮೇಲ್ಮನವಿ ಹೋದ. ಅವರು ಬರೀ ಕೊಯ್ಲಿನ ಕೂಲಿಗಳು ಎಂದು ಆಣೆ ಇಟ್ಟ. ಮಾತಿನ ಒಪ್ಪಂದಕ್ಕೆ ಇದ್ದ ಸಾಕ್ಷಿಗಳು ಸತ್ತಿದ್ದರು. ಹಿಂದಿನ ವಾರ ಪೂರ್ತಿ ಸ್ವಾಧೀನ ಹಾಜ್‌ನದೇ ಎಂದು ತೀರ್ಪಾಯಿತು. ಅದಕ್ಕೇ ಅವನು ಕುರಿ ಕಡಿದು ಊರಿಗೆಲ್ಲ ಉಣಬಡಿಸಿದ್ದು.

"ಯಾರ ಮೇಲೆ ಅನುಮಾನ?"

"ಕುರಿ ಕಾಯೋರು. ಹೋದ ತಿಂಗಳು ಅಟ್ಟಿದ್ದೆ."

"ಮಬ್ರೂಕಾ?"

"ಅವಳಿಗೂ ಆ ಮರಕ್ಕೂ ಏನು ಸಂಬಂಧ, ಲಸ್ಸಾದ್ ಸಾಹೇಬ್ರೇ? ಕೋರ್ಟೇ ಹೇಳಿದೆಯಲ್ಲ."

ಐದೂವರೆಗೆ ತೋಟದಲ್ಲಿ ಪಂಚನಾಮೆ ಶುರುವಾಯಿತು. ಕಾನ್‌ಸ್ಟೆಬಲ್ ಬಶೀರ್ ಬುಡಗಳನ್ನು ಅಳೆದ. "ಕುರಿ ಕಾಯೋರು ಗರಗಸ ಹೊತ್ಕೊಂಡು ತಿರುಗ್ತಾರಾ ಸಾರ್?"

ಲಸ್ಸಾದ್ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಮೊದಲ ಎರಡು ಬುಡಗಳ ಕೊಯ್ದ ಭಾಗಕ್ಕೆ ಒದ್ದೆ ಮಣ್ಣು ಮೆತ್ತಿತ್ತು, ಬೆರಳಚ್ಚು ಸಮೇತ. ಉಳಿದ ಏಳು ಬೋಳು.

"ಕೊಂಬೆ ಸವರಿದ ಮೇಲೆ ಹುಳ ಹತ್ತದ ಹಾಗೆ ಗಾಯಕ್ಕೆ ಮಣ್ಣು ಮೆತ್ತೋದು."

"ಕೊಲ್ಲೋಕೆ ಬಂದೋರು ಮದ್ದು ಹಚ್ತಾರಾ?"

"ಕೈಗೆ ಅಭ್ಯಾಸ, ಬಶೀರ್. ಎರಡು ಆದ ಮೇಲೆ ನೆನಪಾಗಿದೆ, ಕಡಿಯೋಕೆ ಬಂದಿದ್ದೀನಿ ಅಂತ. ಊರಲ್ಲಿ ಆ ಅಭ್ಯಾಸ ಇರೋರೆಲ್ಲ ಮಧ್ಯಾಹ್ನ ಹಾಜ್ ಮನೇಲಿ ಉಣ್ತಿದ್ರು. ಒಬ್ಬಳು ಬಿಟ್ಟು."

ಮಬ್ರೂಕಾ ತನ್ನ ಮನೆಯ ಅಂಗಳದಲ್ಲಿ ಹಸಿ ಅವರೆ ಸುಲಿಯುತ್ತಿದ್ದಳು. ಪೊಲೀಸರನ್ನು ಕಂಡೂ ಎದ್ದೇಳಲಿಲ್ಲ.

"ಊಟಕ್ಕೆ ಹೋಗಲಿಲ್ವಾ, ಅಮ್ಮಾ?"

"ನನ್ನ ನೆಲ ನುಂಗಿದವನ ಮನೇಲಿ ನಾನು ಕುರಿ ನುಂಗಲಾ?"

"ಗರಗಸ ಎಲ್ಲಿ?"

"ಬಾಗಿಲ ಹಿಂದೆ. ಒರೆಸಿಲ್ಲ. ಬರ್ತೀರ ಅಂತ ಗೊತ್ತಿತ್ತು."

"ಇನ್ನೂ ಮೇಲಿನ ಕೋರ್ಟಿತ್ತಲ್ಲ."

"ಅಲ್ಲಿಗೆ ಮುಟ್ಟೋಷ್ಟು ಆಯಸ್ಸು ನಿಮ್ಮ ಹತ್ರ ಇದ್ರೆ ಕೊಡಿ, ಹೋಗ್ತೀನಿ. ಅವನು ಕುಣಿಯೋ ದಿನಾನೇ ಬೇಕಿತ್ತು ನನಗೆ. ಬಾಯಲ್ಲಿ ತುತ್ತಿರೋವಾಗಲೇ ಸುದ್ದಿ ಮುಟ್ಟಬೇಕಿತ್ತು."

ಆರೂ ಮುಕ್ಕಾಲಿಗೆ ಅವಳನ್ನು ಬಂಧಿಸಿ ಜೀಪಿನತ್ತ ಕರೆತಂದರು. ಹಾಜ್ ಓಡುತ್ತ ಬಂದ. ಉಂಡ ಜನರೆಲ್ಲ ಬೀದಿಯಲ್ಲಿದ್ದರು. ಅವರೆದುರೇ ಅವನು ಕೂಗಿದ.

"ಹದಿನೆಂಟು ವರ್ಷ ಮಗು ಥರ ಸಾಕಿದೆಯಲ್ಲೇ! ಕೊಡದಲ್ಲಿ ನೀರು ಹೊತ್ತು ಹೊಯ್ದೆಯಲ್ಲೇ! ಹೇಗೆ ಬಂತೇ ನಿನಗೆ ಕೈ?"

ಉಂಡವರೆಲ್ಲ ಹಾಜ್‌ನತ್ತ ತಿರುಗಿದರು.

ಮಬ್ರೂಕಾ ಅವನನ್ನು ಸಾವಕಾಶವಾಗಿ ನೋಡಿದಳು. "ಇದನ್ನ ಜಡ್ಜ್ ಮುಂದೆ ಹೇಳೋಕೆ ನಾಲಿಗೆಗೆ ಏನಾಗಿತ್ತು, ಹಾಜ್?"

ಬಂಧನದ ವರದಿಯಲ್ಲಿ ಲಸ್ಸಾದ್ ಕಾರಣವನ್ನು ಜಮೀನಿನ ವೈಷಮ್ಯ ಎಂದು ಬರೆದ. ಆದರೆ ಜೀಪಿನಲ್ಲಿ ಅವಳು ಹೇಳಿದ್ದು ಇಷ್ಟು: ತೀರ್ಪು ಬಂದ ರಾತ್ರಿ ಉಂಡು ಮಲಗಿದ್ದೆ, ಈ ಹೆಂಗಸನ್ನು ಕೊಯ್ಲಿನ ಹೊರತು ತೋಟದಲ್ಲಿ ಕಂಡೇ ಇಲ್ಲ ಎಂದು ಹಾಜ್ ಆಣೆ ಇಟ್ಟ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಜೀಪು ತೋಟವನ್ನು ದಾಟುವಾಗ ಅವಳು ಕಣ್ಣು ಮುಚ್ಚಿಕೊಂಡಳು.