ಎಣ್ಣೆ ಸವರದ ರಿಂಗು

"ಆಯ್ತಾ ಅಪ್ಪಾ? ಈಗ ಆಯ್ತಾ?"

"ತಾಳು," ಎಂದ ಅಪ್ಪ, ಕಾರಿನ ಬಾನೆಟ್ ಒಳಗಿಂದ ತಲೆ ಎತ್ತದೆ.

ಪಟಾಕಿ ತಾಳುವ ಪೈಕಿಯೇ ಅಲ್ಲ. ಆ ಅಡ್ಡಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಸ್ವಿಮ್ಮಿಂಗ್ ಬ್ಯಾಗಿನ ಜಿಪ್ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ನಾಲ್ಕು ಗಂಟೆಗೆ ರೇಸ್. ಕೊಳ ಇರುವುದು ಊರಾಚೆ, ಅಲ್ಲಿಗೆ ಬಸ್ಸಿಲ್ಲ. ಕಾರೋ, ನಿನ್ನೆಯಿಂದ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು.

"ಇವಳ ಕಾಲಿಗೆ ಚಕ್ರ ಕಟ್ಟಿದೆ," ಎಂದರು ಅಜ್ಜಿ. ಅವರು ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು.

ಅಪ್ಪ ಕೆಟ್ಟ ಇಂಜೆಕ್ಟರನ್ನು ಕಿತ್ತು ತೋರಿಸಿದ. "ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋದು ಇದೇ." ಹೊಸದರ ತುದಿಯಲ್ಲಿ ಕಪ್ಪು ರಬ್ಬರ್ ರಿಂಗು ಇತ್ತು. "ಇದಕ್ಕೆ ಮೊದಲು ಎಣ್ಣೆ ಸವರಬೇಕು. ಹಾಗೇ ತುರುಕಿದ್ರೆ ಹರಿಯುತ್ತೆ, ಪೆಟ್ರೋಲ್ ಸೋರುತ್ತೆ. ಎಣ್ಣೆ ತರ್ತೀನಿ, ಮುಟ್ಟಬೇಡ."

ಒಳಗೆ ಡ್ರಾಯರ್‌ಗಳ ಸದ್ದು ಕೇಳುತ್ತಲೇ ಇತ್ತು, ಅಪ್ಪ ಮಾತ್ರ ಬರಲಿಲ್ಲ. ಪಟಾಕಿ ಹೊಸ ಇಂಜೆಕ್ಟರನ್ನು ಪೆಟ್ರೋಲ್ ಪೈಪಿನ ಬಾಯಿಗಿಟ್ಟು ಒತ್ತಿದಳು. ಹೋಗಲಿಲ್ಲ. ತಿರುವಿ, ಜೋರಾಗಿ ತಳ್ಳಿದಳು. ಎಳೆದು ನೋಡಿದರೆ ರಿಂಗಿನಲ್ಲೊಂದು ಸೀಳು. ಬಾಗಿಲ ಕಡೆ ನೋಡಿದಳು. ಮತ್ತೆ ಒಳಗೆ ತಳ್ಳಿಬಿಟ್ಟಳು.

"ಅರೆ, ಹಾಕಿಬಿಟ್ಟೆಯಾ? ಎಣ್ಣೆ?" ಡಬ್ಬಿ ಹಿಡಿದು ಬಂದ ಅಪ್ಪ ಕೇಳಿದ.

"ಒರೆಸೋ ಬಟ್ಟೇಲಿ ಇತ್ತಲ್ಲ, ಅದನ್ನೇ ಸವರಿದೆ."

"ಜಾಣೆ," ಎಂದ ಅಪ್ಪ. ಆ ಮಾತು ಅವಳಿಗೆ ಚುಚ್ಚಿತು.

ಅಪ್ಪ ಬೋಲ್ಟುಗಳನ್ನೆಲ್ಲ ಬಿಗಿದ. "ಈಗ ಕೂತು ಕೀ ಆನ್ ಮಾಡು. ಸ್ಟಾರ್ಟ್ ಮಾಡಬೇಡ. ಸೋರುತ್ತಾ ಅಂತ ನಾನು ಮೂಸಿ ನೋಡ್ತೀನಿ."

ಬಾನೆಟ್ಟಿನ ಸಂದಿಯಲ್ಲಿ ಅಪ್ಪನ ಮುಖ ಕಂಡಿತು. ಮೂಗು ಇಂಜೆಕ್ಟರಿಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅವಳು ಕೀಯಿಂದ ಕೈ ತೆಗೆದಳು.

"ಅಪ್ಪಾ, ಮುಖ ಹಿಂದಕ್ಕೆ ತಗೋ. ನಾನು ಎಣ್ಣೆ ಸವರಿಲ್ಲ. ರಿಂಗು ಹರಿದಿದೆ."

ಅಪ್ಪ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಎಲ್ಲ ಬಿಚ್ಚಿ, ಕೈ ಒರೆಸಿಕೊಂಡು, ಸೈಕಲ್ ಹತ್ತಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ. ಗಡಿಯಾರ ನಾಲ್ಕು ಹೊಡೆದಾಗ ಪಟಾಕಿ ಬ್ಯಾಗ್ ತಬ್ಬಿಕೊಂಡು ಅತ್ತಳು. ಅಜ್ಜಿ ಬೆನ್ನು ಸವರಿದರು.

ಅಪ್ಪ ಬಂದವನೇ ಹೊಸ ರಿಂಗನ್ನು ಅವಳ ಅಂಗೈಗೆ ಹಾಕಿದ. "ನೀನೇ ಹಾಕು."

"ನೀನು ನೋಡ್ತಾ ಇರು ಅಪ್ಪಾ."

"ನಾನ್ಯಾಕೆ ನೋಡಲಿ?" ಅಪ್ಪ ಅಜ್ಜಿಯ ಪಕ್ಕ ಕೂತು ಬಟಾಣಿ ಬಿಡಿಸತೊಡಗಿದ.

ಪಟಾಕಿ ರಿಂಗನ್ನು ಇಂಜೆಕ್ಟರಿಗೆ ತೊಡಿಸಿ ಸುತ್ತ ಎಣ್ಣೆ ಸವರಿದಳು, ಇನ್ನೊಂದು ಸುತ್ತು ಸವರಿದಳು. ಈ ಸಲ ಅದು ಮೆತ್ತಗೆ ಜಾರಿ ಕೂತಿತು.

ಅಪ್ಪ ಮತ್ತೆ ಬೋಲ್ಟ್ ಬಿಗಿದು, "ಕೀ ನಾನು ತಿರುಗಿಸ್ತೀನಿ, ಮೂಸೋದು ನೀನು," ಎಂದು ಸೀಟಿನಲ್ಲಿ ಕೂತ.

ಅವಳು ಬಗ್ಗಿದಳು. ಎಣ್ಣೆಯ ವಾಸನೆ ಬಂತು, ಹೊಸ ರಬ್ಬರಿನ ವಾಸನೆ ಬಂತು. ಪೆಟ್ರೋಲಿನದು ಬರಲಿಲ್ಲ.

"ಆಯ್ತಾ?" ಅಪ್ಪ ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಆಯ್ತೇನೇ?"

"ತಾಳು ಅಪ್ಪಾ," ಎಂದಳು ಪಟಾಕಿ, ತಲೆ ಎತ್ತದೆ. "ಇನ್ನೊಂದ್ಸಲ ನೋಡ್ತೀನಿ."